ಕುರಿ ಮೆದುಳಲ್ಲಿ ಸೀಸ ಅಳೆದ್ರೆ ಊರಿನ ಮಾಲಿನ್ಯ ಗೊತ್ತಾಗತ್ತಾ?

ಓದುಗರ ಪ್ರಶ್ನೆ: ಸರ್, ನಮ್ಮೂರು ಬಿಡದಿ ಹತ್ರ, ಬೈರಮಂಗಲ ಕೆರೆ ಕಡೆ. ನಾಲ್ಕು ಹಸು, ಇಪ್ಪತ್ತು ಕುರಿ ಇವೆ. ಕೆರೆ ನೀರಲ್ಲಿ ಬೆಳೆದ ಸೀಮೆಹುಲ್ಲೇ ಹಾಕೋದು. ಕಸಾಯಿಖಾನೆಯಿಂದ ದನ-ಕುರಿಗಳ ಮೆದುಳು ತಂದು ಅದ್ರಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟಿದೆ ಅಂತ ಅಳೆದು ಆ ಜಾಗದ ಮಾಲಿನ್ಯ ಹೇಳ್ತಾರೆ ಅಂತ ಮೊನ್ನೆ ಓದಿದೆ. ನಿಜಾನಾ? ನಮ್ಮ ಕುರಿಗೂ ಮಾಡಿಸಬಹುದಾ? ಹೋದ ತಿಂಗಳು ಒಂದು ಕುರಿ ಎರಡು ಮೂರು ವಾರ ಒಂದೇ ಕಡೆಗೆ ಸುತ್ತು ಹಾಕ್ತಾ ಇದ್ದು ಸತ್ತೋಯ್ತು, ಅದಕ್ಕೂ ಇದೇ ಕಾರಣ ಇರಬಹುದಾ? ಮನೇಲಿ ತಲೆಮಾಂಸ ಮಾಡ್ತೀವಿ, ಮಕ್ಕಳಿಗೆ ಮೆದುಳು ಅಂದ್ರೆ ಇಷ್ಟ. ಈಗ ಭಯ ಆಗ್ತಿದೆ.

ಉತ್ತರ:

ನಿಮ್ಮ ಭಯ ಅರ್ಥ ಆಗತ್ತೆ. ವೃಷಭಾವತಿ ಬಸವನಗುಡಿ ದೊಡ್ಡ ಬಸವಣ್ಣನ ಗುಡಿ ಹತ್ರ ಹುಟ್ಟಿ, ಮೈಸೂರು ರಸ್ತೆ ಉದ್ದಕ್ಕೂ ಅರ್ಧ ಬೆಂಗಳೂರಿನ ಕೊಳಚೆ ಹೊತ್ಕೊಂಡು, ಕೆಂಗೇರಿ ದಾಟಿ ನಿಮ್ಮ ಕೆರೆಗೆ ಬಂದು ಬೀಳತ್ತೆ, ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಆ ನೊರೆ ನೋಡಿದ ಯಾರಿಗಾದ್ರೂ ನಿಮ್ಮ ಪ್ರಶ್ನೆ ಬಂದೇ ಬರತ್ತೆ. ನಾನು ಮೂವತ್ತು ವರ್ಷಕ್ಕೂ ಮೇಲೆ ಸತ್ತ ದನ, ಎಮ್ಮೆ, ಕುರಿ ಕೊಯ್ದು ಯಾಕೆ ಸತ್ತಿದ್ದು ಅಂತ ನೋಡೋ ಕೆಲಸ ಮಾಡಿದವನು, ಆ ಅನುಭವದಿಂದ ಹೇಳ್ತೀನಿ.

ಮೊದಲ ಮಾತು, ನೀವು ಓದಿದ್ದು ನಿಜ. ಜಾನುವಾರುಗಳ ಮೆದುಳಲ್ಲಿ ಲೋಹ ಅಳೀತಾರೆ, ಅದರಿಂದ ಪರಿಸರದ ಬಗ್ಗೆ ಒಂದಷ್ಟು ಗೊತ್ತೂ ಆಗತ್ತೆ. ಆದ್ರೆ ಊರಿನ ಮಾಲಿನ್ಯ ತಿಳ್ಕೋಬೇಕು ಅಂತ ಹೊರಟವರು ಮೊದಲು ಕೇಳಬೇಕಾದ ಅಂಗ ಮೆದುಳಲ್ಲ, ಅದು ಕೊನೇದು. ಮೂತ್ರಪಿಂಡ, ಲಿವರ್, ರಕ್ತ, ಹಾಲು, ಹುಲ್ಲು, ಮಣ್ಣು ಇಷ್ಟನ್ನೂ ಕೇಳಿದ ಮೇಲೆ ಮೆದುಳನ್ನ ಕೇಳಬೇಕು, ಯಾಕಂದ್ರೆ ಮೆದುಳು ಕೊಡೋ ಉತ್ತರ ಬೇರೆ ಪ್ರಶ್ನೆಗೆ. ಊರಲ್ಲಿ ಎಷ್ಟು ವಿಷ ಇದೆ ಅನ್ನೋದಕ್ಕಿಂತ, ಇರೋ ವಿಷದಲ್ಲಿ ಎಷ್ಟು ಪಾಲು ಮೆದುಳಿನ ಕಾವಲು ದಾಟಿ ಒಳಗೆ ಹೋಯ್ತು ಅಂತ ಅದು ಹೇಳತ್ತೆ.

ಪ್ರಾಣಿಗಳನ್ನ ಅಳತೆಗೋಲು ಮಾಡ್ಕೊಳ್ಳೋದು ಯಾಕೆ ಅಂದ್ರೆ, ನಾವು ಅಕ್ಕಿ ಒಂದು ಊರಿಂದ ಬೇಳೆ ಇನ್ನೊಂದು ಊರಿಂದ ತಂದು ತಿಂತೀವಿ, ನಿಮ್ಮ ಹಸು ಹಾಗಲ್ಲ, ಅಲ್ಲೇ ಮೇಯತ್ತೆ ಅಲ್ಲೇ ಕುಡಿಯತ್ತೆ ಅಲ್ಲೇ ಉಸಿರಾಡತ್ತೆ. ಅದರ ಜೊತೆ ಮಣ್ಣೂ ತಿನ್ನತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೇಯೋ ದನ ತಿನ್ನೋ ಒಣ ಮೇವಿನ ತೂಕದಲ್ಲಿ ಶೇಕಡಾ 1ರಿಂದ 18ರವರೆಗೆ ಬರೀ ಮಣ್ಣೇ ಇರತ್ತೆ ಅಂತ ಇಂಗ್ಲೆಂಡಲ್ಲಿ ಅಳೆದಿದ್ದಾರೆ, ಕುರೀಲಿ ಇದು 30ರವರೆಗೂ ಹೋಗತ್ತೆ, ಯಾಕಂದ್ರೆ ಕುರಿ ಹುಲ್ಲನ್ನ ಬುಡಕ್ಕೆ ಬಾಯಿ ಹಾಕಿ ಕೀಳತ್ತೆ. ಸೀಸ ಮಣ್ಣಿಗೆ ಗಟ್ಟಿಯಾಗಿ ಅಂಟ್ಕೊಂಡು ಕೂರೋ ಲೋಹ, ಬೇರಿಂದ ಎಲೆಗೆ ಹತ್ತೋದು ಕಮ್ಮಿ, ಹಾಗಾಗಿ ಅದು ಹೊಟ್ಟೆಗೆ ಹೋಗೋದು ಹೆಚ್ಚಾಗಿ ಈ ಮಣ್ಣು ಮತ್ತೆ ಎಲೆ ಮೇಲಿನ ಧೂಳಿನ ಮೂಲಕ. ಕ್ಯಾಡ್ಮಿಯಂ ತದ್ವಿರುದ್ಧ, ಬೇರಿಂದ ಎಲೆಗೆ ಸಲೀಸಾಗಿ ಏರತ್ತೆ, ಹುಲ್ಲನ್ನ ಎಷ್ಟು ತೊಳೆದ್ರೂ ಹೋಗಲ್ಲ.

ಹೊಟ್ಟೆಗೆ ಹೋದ ಮೇಲೆ ಒಂದೊಂದು ಲೋಹದ್ದು ಒಂದೊಂದು ದಾರಿ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹೋಗಿ ಕೂರತ್ತೆ, ಅಲ್ಲಿ ಒಂದು ಪ್ರೋಟೀನ್ ಅದನ್ನ ಹಿಡ್ಕೊಳ್ಳತ್ತೆ, ಮನುಷ್ಯರಲ್ಲಂತೂ 10ರಿಂದ 30 ವರ್ಷ ಆದ್ರೂ ಅರ್ಧ ಅಲ್ಲೇ ಇರತ್ತೆ. ಮೆದುಳಿಗೆ ಹೋಗೋದು ತೀರಾ ಕಮ್ಮಿ. ಸೀಸ ಮೊದಲು ರಕ್ತ, ಆಮೇಲೆ ಲಿವರ್ ಮತ್ತೆ ಮೂತ್ರಪಿಂಡ, ಕೊನೆಗೆ ಮೂಳೆ. ಪೀಣ್ಯದ ಪ್ಲೇಟಿಂಗ್ ಶೆಡ್‌ಗಳ ಕ್ರೋಮಿಯಂ ಬಗ್ಗೆ ಎಲ್ಲರೂ ಹೆದರ್ತಾರೆ, ಕುಡಿಯೋ ನೀರಿಗೆ ಬಂದ್ರೆ ಮನುಷ್ಯರಿಗೆ ಅದು ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಮೆಲುಕು ಹಾಕೋ ಪ್ರಾಣಿಯ ಹೊಟ್ಟೇಲಿ ಅದರ ವಿಷಕಾರಿ ರೂಪ ಬಹುಪಾಲು ಬದಲಾಗಿ ಹೀರಿಕೆಯಾಗದ ರೂಪಕ್ಕೆ ಬಂದುಬಿಡತ್ತೆ, ಮೆದುಳಲ್ಲಿ ಹುಡುಕಿದ್ರೆ ಏನೂ ಸಿಗದೆ ಇರೋದೇ ಹೆಚ್ಚು.

ಮೆದುಳಿನ ರಕ್ತನಾಳಗಳಿಗೆ ಒಂದು ಕಾವಲು ಇದೆ. ಬೇರೆ ಅಂಗಗಳಲ್ಲಿ ರಕ್ತನಾಳದ ಗೋಡೇಲಿ ಸಂದು ಇರತ್ತೆ, ಇಲ್ಲಿ ಜೀವಕೋಶಗಳು ಒಂದಕ್ಕೊಂದು ಒತ್ತಿ ಹೊಲಿದ ಹಾಗೆ ಕೂತಿರ್ತವೆ, ಬೇಕಾದ್ದಕ್ಕೆ ಮಾತ್ರ ಬಾಗಿಲು. ವಿಷಲೋಹ ಒಳಗೆ ಹೋಗೋದು ವೇಷ ಹಾಕ್ಕೊಂಡು. ಸೀಸ ಕ್ಯಾಲ್ಸಿಯಂ ವೇಷದಲ್ಲಿ ಹೋಗತ್ತೆ. ಮೀಥೈಲ್ ಪಾದರಸ ಒಂದು ಅಮೈನೋ ಆಮ್ಲಕ್ಕೆ ಅಂಟ್ಕೊಂಡು ಮೆಥಿಯೊನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲದ ಥರ ಕಾಣಿಸ್ಕೊಂಡು ಅದರದ್ದೇ ಬಾಗಿಲಿಂದ ನುಗ್ಗತ್ತೆ. ಮ್ಯಾಂಗನೀಸ್ ಕಬ್ಬಿಣದ ದಾರಿ ಹಿಡಿಯತ್ತೆ, ಹೋಗಿ ಮೆದುಳಿನ ಆಳದಲ್ಲಿ ನಡಿಗೆ-ಚಲನೆ ನೋಡ್ಕೊಳ್ಳೋ ಜಾಗದಲ್ಲಿ ಸೇರ್ಕೊಳ್ಳತ್ತೆ. ಸ್ಕಾಟ್ಲೆಂಡಲ್ಲಿ ಮ್ಯಾಂಗನೀಸ್ ಅದಿರು ಅರೆಯೋ ಕೆಲಸಗಾರರು ತೂರಾಡೋದನ್ನ ಕೂಪರ್ ಅನ್ನೋ ವೈದ್ಯರು 1837ರಲ್ಲೇ ಬರೆದಿಟ್ಟಿದ್ದಾರೆ. ಕರುಗಳಲ್ಲಿ ಈ ಕಾವಲು ಇನ್ನೂ ಗಟ್ಟಿ ಆಗಿರಲ್ಲ, ಮೇಲಿಂದ ಹಾಲು ಕುಡಿಯೋ ಕರುವಿನ ಹೊಟ್ಟೆ ದೊಡ್ಡ ದನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸೀಸ ಹೀರತ್ತೆ. ಕೊಟ್ಟಿಗೇಲಿ ಮೊದಲು ಸಾಯೋದು ಕರು ಅನ್ನೋದು ಇದಕ್ಕೇ.

ಈಗ ಲೆಕ್ಕ ನೋಡಿ. ಆರೋಗ್ಯವಾಗಿರೋ ಹಸುವಿನ ರಕ್ತದಲ್ಲಿ ಸೀಸ ಸಾಮಾನ್ಯವಾಗಿ 0.1 ಪಿಪಿಎಂ (ಪಿಪಿಎಂ ಅಂದ್ರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಒಳಗೇ ಇರತ್ತೆ, 0.35 ದಾಟಿದ್ರೆ, ಲಕ್ಷಣಾನೂ ಇದ್ರೆ, ಸೀಸದ ವಿಷ ಅಂತ ನಾವು ಬರೀತೀವಿ. ಸತ್ತ ಮೇಲೆ ಆದ್ರೆ ಮೂತ್ರಪಿಂಡದಲ್ಲೋ ಲಿವರಲ್ಲೋ ಒದ್ದೆ ತೂಕದ ಲೆಕ್ಕಕ್ಕೆ 10 ಪಿಪಿಎಂ ದಾಟಿರಬೇಕು. ಅದೇ ಹಸುವಿನ ಮೆದುಳಲ್ಲಿ ಅದರ ಒಂದು ಸಣ್ಣ ಪಾಲು ಅಷ್ಟೇ ಸಿಗತ್ತೆ. ಸೀಸ ತಿಂದು ಸತ್ತ ಹಸುವಿನ ಕಥೆಯೇ ಹೀಗಾದ್ರೆ, ಒಂಚೂರು ಗಲೀಜು ಹುಲ್ಲು ಮೇಯೋ ಆರೋಗ್ಯವಂತ ಕುರಿಯ ಮೆದುಳಲ್ಲಿ ಸಿಗೋದು ಎಷ್ಟು? ಬಹಳ ಸಲ ಮಷೀನು ಅಳೆಯೋ ಮಿತಿಯ ಅಂಚಲ್ಲೇ ಇರತ್ತೆ. ಅಲ್ಲಿ ಒಂದು ಊರಿಗೂ ಇನ್ನೊಂದು ಊರಿಗೂ ವ್ಯತ್ಯಾಸ ಹುಡುಕೋದು ಕಷ್ಟ, ಅದೇ ಎರಡೂ ಊರಿನ ಮೂತ್ರಪಿಂಡ ಹಿಡಿದು ಕ್ಯಾಡ್ಮಿಯಂ ನೋಡಿದ್ರೆ ವ್ಯತ್ಯಾಸ ಎದ್ದು ಕಾಣತ್ತೆ. ಸ್ಪೇನಿನ ಗಲೀಸಿಯಾದಲ್ಲಿ ಹಸು-ಕರುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ವೆಟರ್ನರಿ ಸಂಶೋಧಕರು ಮುಖ್ಯವಾಗಿ ನೆಚ್ಚಿಕೊಂಡಿದ್ದೂ ಲಿವರ್, ಮೂತ್ರಪಿಂಡ, ಮಾಂಸ, ರಕ್ತಾನೇ. ಹಂದಿ ಸಾಕಣೆ ಜಾಸ್ತಿ ಇರೋ ಕಡೆ ಹಂದಿಗೊಬ್ಬರ ಹುಲ್ಲುಗಾವಲಿಗೆ ಹಾಕೋದ್ರಿಂದ ದನಗಳ ಲಿವರಲ್ಲಿ ತಾಮ್ರ ಏರತ್ತೆ ಅಂತ ಅವರು ತೋರಿಸಿಕೊಟ್ರು. ನಮ್ಮಲ್ಲೂ ಇಜ್ಜತ್‌ನಗರದ ಐವಿಆರ್‌ಐ, ಅಂದ್ರೆ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೀಸ-ಸತು ಕರಗಿಸೋ ಕಾರ್ಖಾನೆಗಳ ಸುತ್ತ ಹಸುಗಳ ರಕ್ತ, ಹಾಲು ಅಳೆದು, ದೂರದ ಹಸುಗಳಿಗಿಂತ ಅಲ್ಲಿ ಸೀಸ ಎಷ್ಟೋ ಪಟ್ಟು ಹೆಚ್ಚಿದೆ ಅಂತ ಬರೆದಿದ್ದಾರೆ. ಒಂದು ಪ್ರಾಣೀನೂ ಸಾಯಿಸದೆ ಮಾಡಿದ ಕೆಲಸ ಅದು.

ಹಾಗಾದ್ರೆ ಮೆದುಳು ಯಾಕೆ ಬೇಕು ಅಂತ ಕೇಳ್ತೀರಾ. ಜಪಾನಿನ ಮಿನಮಾತಾದಲ್ಲಿ ಮನುಷ್ಯರಿಗಿಂತ ಮೊದಲು ಬೆಕ್ಕುಗಳು ಕುಣಿದ ಹಾಗೆ ತೂರಾಡಿ, ಫಿಟ್ಸ್ ಬಂದು ಸತ್ತವು, ಚಿಸ್ಸೋ ಅನ್ನೋ ಕಾರ್ಖಾನೆ ಬಿಟ್ಟ ಪಾದರಸ ಸೇರಿದ ಕೊಲ್ಲಿಯ ಮೀನು ತಿಂದ ಬೆಕ್ಕುಗಳು. ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಗಿದ್ದು 1956ರ ಮೇ 1ಕ್ಕೆ. ಚಿಸ್ಸೋ ಕಾರ್ಖಾನೆಯ ಆಸ್ಪತ್ರೆಯ ಡಾಕ್ಟರ್ ಹೊಸೊಕಾವಾ 1959ರಲ್ಲಿ ಅದೇ ಕಾರ್ಖಾನೆಯ ತ್ಯಾಜ್ಯನೀರನ್ನ ಊಟಕ್ಕೆ ಬೆರೆಸಿ ಒಂದು ಬೆಕ್ಕಿಗೆ ಕೊಟ್ರು, 400ನೇ ನಂಬರಿನ ಬೆಕ್ಕು, ಅದಕ್ಕೂ ಅದೇ ಕಾಯಿಲೆ ಬಂತು. ಆ ಫಲಿತಾಂಶ ಹೊರಗೆ ಬರದ ಹಾಗೆ ನೋಡ್ಕೊಂಡ್ರು, ಸರ್ಕಾರ ಕಾರಣ ಒಪ್ಕೊಂಡಿದ್ದು 1968ಕ್ಕೆ. ಅಷ್ಟು ವರ್ಷ ಜನ ಆ ಮೀನು ತಿಂತಾನೇ ಇದ್ರು. ಇದನ್ನ ಯಾವಾಗ ನೆನೆಸ್ಕೊಂಡ್ರೂ ನನಗೆ ಹೊಟ್ಟೆ ಉರಿಯತ್ತೆ. ಬೆಕ್ಕು ಜಾನುವಾರಲ್ಲ, ಸರಿ, ಆದ್ರೆ 1969ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪಾದರಸದ ಔಷಧಿ ಹಚ್ಚಿದ ಬಿತ್ತನೆ ಕಾಳನ್ನ ಹಂದಿಗಳಿಗೆ ಹಾಕಿದಾಗಲೂ ಇದೇ ಆಯ್ತು, ಹಂದಿಗಳು ಕಣ್ಣು ಕಾಣದೆ ತತ್ತರಿಸಿದ್ವು, ಅದೇ ಮಂದೆಯ ಹಂದಿಮಾಂಸ ತಿಂದ ಮನೆಯ ಮಕ್ಕಳಿಗೆ ಮೆದುಳು ಹಾಳಾಯ್ತು. ಇಂಥ ಕಡೆ ಮೆದುಳಲ್ಲಿ ಪಾದರಸ ಅಳೆಯೋದು ಬರೀ ಲೆಕ್ಕ ಅಲ್ಲ, ಅಪರಾಧಕ್ಕೆ ಸಾಕ್ಷಿ. ಮೆದುಳಿಗೆ ಹೊಕ್ಕ ಪಾದರಸ ಅಲ್ಲೇ ರೂಪ ಬದಲಾಯಿಸಿ ವರ್ಷಗಟ್ಟಲೆ ಕೂರತ್ತೆ, ರಕ್ತದಲ್ಲಿ ಕಮ್ಮಿ ಆದ ಮೇಲೂ.

ಇನ್ನೊಂದು ದಾರಿ ಮೂಗು. ವಾಸನೆ ಗ್ರಹಿಸೋ ನರ ಮೂಗಿಂದ ನೇರ ಮೆದುಳಿಗೆ ಹೋಗತ್ತೆ, ಆ ಕಾವಲಿಗೆ ಸಿಗದೆ. ಮೆಕ್ಸಿಕೋ ನಗರದ ನಾಯಿಗಳಲ್ಲಿ ನಿಕ್ಕಲ್, ವನೇಡಿಯಂ ಮೂಗಿನ ಒಳಪೊರೇಲಿ ಜಾಸ್ತಿ, ವಾಸನೆಯ ಗಡ್ಡೇಲಿ (ವಾಸನೆಯ ನರ ಬಂದು ಸೇರೋ ಮೆದುಳಿನ ಭಾಗ) ಸ್ವಲ್ಪ ಕಮ್ಮಿ, ಮೆದುಳಿನ ಮುಂಭಾಗದಲ್ಲಿ ಇನ್ನೂ ಕಮ್ಮಿ ಹೀಗೆ ಇಳೀತಾ ಹೋಗಿದ್ದನ್ನ ಕಾಲ್ದೆರೋನ್-ಗಾರ್ಸಿದುಯೆನ್ಯಾಸ್ ಅನ್ನೋ ವೈದ್ಯೆ ಮತ್ತೆ ಅವರ ತಂಡ ತೋರಿಸಿತು. 2016ರಲ್ಲಿ ಬಾರ್ಬರಾ ಮಾಹರ್ ಅವರ ತಂಡ ಮೆಕ್ಸಿಕೋ ಮತ್ತೆ ಮ್ಯಾಂಚೆಸ್ಟರಿನ ಜನರ ಮೆದುಳಲ್ಲಿ ಹೊಗೆಯಿಂದ ಬಂದಿರಬಹುದಾದ ಮ್ಯಾಗ್ನಟೈಟ್ ಅನ್ನೋ ಕಬ್ಬಿಣದ ಆಕ್ಸೈಡ್ ಕಣಗಳನ್ನ ಕಂಡಿತು, ತೀರಾ ಸೂಕ್ಷ್ಮ, ದುಂಡು ದುಂಡು, ಹೆಚ್ಚು ಶಾಖದಲ್ಲಿ ಹುಟ್ಟಿದ ಗುರುತು ಇರೋಂಥವು. ಇದನ್ನ ಯಾಕೆ ಹೇಳ್ದೆ ಅಂದ್ರೆ ಗಾಳಿಯ ಮಾಲಿನ್ಯ ಕೇಳೋಕೆ ಹೊರಟ್ರೆ ಮೂತ್ರಪಿಂಡ ಪೂರ್ತಿ ಉತ್ತರ ಕೊಡಲ್ಲ, ಅಲ್ಲಿ ಮೆದುಳಿನ, ಅದರಲ್ಲೂ ವಾಸನೆ ಗಡ್ಡೆಯ, ಒಂದು ಚೂರು ಬಹಳ ಹೇಳತ್ತೆ. ಫೌಂಡ್ರಿ ಪಕ್ಕ, ಹೆದ್ದಾರಿ ಪಕ್ಕ ಕಟ್ಟೋ ದನಗಳಲ್ಲಿ ನಮ್ಮ ಹುಡುಗರು ಯಾರಾದ್ರೂ ಪಿಎಚ್‌ಡಿಗೆ ಇದನ್ನ ತಗೊಂಡ್ರೆ ನನಗೆ ನಿಜಕ್ಕೂ ಖುಷಿ ಆಗತ್ತೆ.

ಮೂರನೇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು, ಆದ್ರೆ ಯಾರೂ ಕೇಳಲ್ಲ: ಮೆದುಳಲ್ಲಿ ಲೋಹ ಕಮ್ಮಿ ಆಗೋದೂ ಒಂದು ಸುಳಿವು. ತಾಮ್ರ ಇಲ್ದೆ ಮೆದುಳು ಬೆಳೆಯಲ್ಲ. 1937ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೆನೆಟ್ಸ್ ಅನ್ನೋ ವೆಟರ್ನರಿ ಡಾಕ್ಟರು, ಕುರಿಮರಿಗಳು ಹಿಂಗಾಲು ಎಳ್ಕೊಂಡು ಬೀಳೋದಕ್ಕೆ ತಾಯಿಗೆ ತಾಮ್ರ ಸಾಲದೇ ಇರೋದು ಕಾರಣ ಅಂತ ತೋರಿಸಿದ್ರು. ಅದಕ್ಕೂ ಮುಂಚೆ ಜನ ಸೋಂಕು ಅಂತಲೂ, ಸೀಸದ ವಿಷ ಅಂತಲೂ ಅಂದ್ಕೊಂಡಿದ್ರು. ತಾಮ್ರ ಯಾಕೆ ಸಾಲಲ್ಲ ಅಂದ್ರೆ, ಮಣ್ಣಲ್ಲೇ ಇಲ್ದೇ ಇರಬಹುದು, ಅಥವಾ ಮಣ್ಣಲ್ಲಿದ್ರೂ ಮಾಲಿಬ್ಡಿನಂ ಮತ್ತೆ ಗಂಧಕ ಜಾಸ್ತಿ ಆಗಿ ಹೊಟ್ಟೇಲಿ ತಾಮ್ರಾನ ಕಟ್ಟಿಹಾಕ್ತವೆ, ಜೊತೆಗೆ ಕ್ಯಾಡ್ಮಿಯಂ, ಸತು ಹೆಚ್ಚಾದ್ರೂ ತಾಮ್ರ ಒಳಗೆ ಹೋಗಲ್ಲ. ಕಾರ್ಖಾನೆ ನೀರು, ಕೊಳಚೆ ನೀರಿನ ಹುಲ್ಲಲ್ಲಿ ಇವೆಲ್ಲ ಒಟ್ಟಿಗೆ ಇರಬಹುದು. ಹಾಗಾಗಿ ಯಾರೋ ಬರೀ ಸೀಸ, ಕ್ಯಾಡ್ಮಿಯಂ ಅಳೆದು ಕಮ್ಮಿ ಇದೆ, ಸೇಫ್ ಅಂತ ಬರೆದ್ರೆ ನಾನು ಒಪ್ಪಲ್ಲ, ತಾಮ್ರ ಎಷ್ಟಿದೆ ತೋರಿಸಿ ಅಂತೀನಿ. ವಿಷ ತಾನು ಮೆದುಳಿಗೆ ಹೋಗದೇನೇ ಮೆದುಳಿಗೆ ಬೇಕಾದ್ದನ್ನ ಬಾಗಿಲಲ್ಲೇ ತಡೆದಿರಬಹುದು.

ಈಗ ಅಳೆಯೋದು ಹೇಗೆ ಅಂತ ಸ್ವಲ್ಪ, ಯಾಕಂದ್ರೆ ಇಂಥ ವರದಿ ಓದುವಾಗ ಮೋಸ ಹೋಗೋದು ಇಲ್ಲೇ. ಮೆದುಳಿನ ಚೂರನ್ನ ನೈಟ್ರಿಕ್ ಆಸಿಡ್, ಹೈಡ್ರೋಜನ್ ಪೆರಾಕ್ಸೈಡಲ್ಲಿ ಹಾಕಿ ಬಿಸಿಮಾಡಿ ಪೂರ್ತಿ ಕರಗಿಸಿ ನೀರು ಮಾಡ್ತಾರೆ. ಆಮೇಲೆ ಎಎಎಸ್ ಅಥವಾ ಐಸಿಪಿ-ಎಂಎಸ್ ಅನ್ನೋ ಮಷೀನಿಗೆ ಕೊಡ್ತಾರೆ, ಕೋಟಿಯಲ್ಲಿ ಒಂದು ಪಾಲು ಇದ್ರೂ ಅದು ಹಿಡಿಯತ್ತೆ. ತೊಂದರೇನೂ ಅಲ್ಲೇ, ಹೊರಗಿಂದ ಬಿದ್ದ ಧೂಳೂ ಅದಕ್ಕೆ ಕಾಣತ್ತೆ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಸಲ ಕುರಿಗಳ ಮೆದುಳಲ್ಲಿ ನಿಕ್ಕಲ್, ಕ್ರೋಮಿಯಂ ಎಕ್ಕಾಮಕ್ಕಾ ಬಂದು ನಾನು ಎರಡು ದಿನ ನಿದ್ದೆ ಬಿಟ್ಟಿದ್ದೆ, ಕೊನೆಗೆ ನೋಡಿದ್ರೆ ಅದು ಕುರಿಯದ್ದಲ್ಲ, ನಾವು ಕತ್ತರಿಸಿದ ಸ್ಟೀಲ್ ಚಾಕುವಿನದ್ದು. ಅವತ್ತಿಂದ ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಚಾಕು, ಆಸಿಡಲ್ಲಿ ತೊಳೆದ ಡಬ್ಬಿ. ಅದಕ್ಕಿಂತ ದೊಡ್ಡ ತಪ್ಪು ಅಂಗಡೀಲಿ ಆಗತ್ತೆ: ಮಚ್ಚಲ್ಲಿ ತಲೆ ಒಡೆದಾಗ ಬುರುಡೆಯ ಮೂಳೆಪುಡಿ ಮೆದುಳಿಗೆ ಮೆತ್ಕೊಳ್ಳತ್ತೆ. ಸೀಸ ಇರೋದೇ ಮೂಳೇಲಿ ಅಂತ ಹೇಳಿದ್ನಲ್ಲ, ಆ ಪುಡಿ ಮಷೀನಿಗೆ ಹೋದ್ರೆ ಮೆದುಳಿನ ಸೀಸ ಅಂತ ನಂಬರ್ ಬರತ್ತೆ. ಫಾರ್ಮಲಿನ್‌ನಲ್ಲಿ ಇಟ್ಟ ಮೆದುಳೂ ಬೇಡ, ಲೋಹ ಆ ದ್ರವಕ್ಕೆ ಸೋರಿಹೋಗಬಹುದು, ದ್ರವದಿಂದ ಬರಲೂಬಹುದು.

ಒದ್ದೆ ತೂಕ, ಒಣ ತೂಕದ ಗೊಂದಲ ಬೇರೆ. ಮೆದುಳಲ್ಲಿ ಹತ್ರ ಹತ್ರ ಶೇಕಡಾ 80 ನೀರೇ. ಒಣಗಿಸಿ ತೂಗಿದ್ರೆ ಅದೇ ಮೆದುಳಿನ ನಂಬರು ನಾಲ್ಕೈದು ಪಟ್ಟು ಜಾಸ್ತಿ ಕಾಣತ್ತೆ. ಒಬ್ಬರು ಒಣ ತೂಕದಲ್ಲಿ ಬರೆದಿದ್ದನ್ನ ಇನ್ನೊಬ್ಬರ ಒದ್ದೆ ತೂಕದ ಮಿತಿ ಜೊತೆ ಇಟ್ಟು ಐದು ಪಟ್ಟು ವಿಷ ಅಂತ ಹೆಡ್ಡಿಂಗ್ ಹಾಕಿದ್ದನ್ನ ನಾನೇ ನೋಡಿದ್ದೀನಿ. ಮೆದುಳಿನ ಯಾವ ಭಾಗ ಅಂತಲೂ ಹೇಳಬೇಕು, ಮ್ಯಾಂಗನೀಸ್ ಮೆದುಳಿನ ಆಳದ ಭಾಗದಲ್ಲಿ ಜಾಸ್ತಿ, ಮೇಲಿನ ಪದರದಲ್ಲಿ ಕಮ್ಮಿ, ಎಲ್ಲಾ ರುಬ್ಬಿ ಸರಾಸರಿ ಮಾಡಿದ್ರೆ ಎರಡೂ ಕಳೆದುಹೋಗತ್ತೆ.

ಇದಾದ್ಮೇಲೆ ನಮ್ಮ ಕಡೆಯ ದೊಡ್ಡ ಸಮಸ್ಯೆ, ಆ ಕುರಿ ಎಲ್ಲಿಯದು? ಬೆಂಗಳೂರಿನ ಅಂಗಡೀಲಿ ನೇತಾಕಿರೋ ಕುರಿ ಶಿರಾದಿಂದಲೋ ಚಿತ್ರದುರ್ಗದಿಂದಲೋ ಬಂದಿರತ್ತೆ, ಅದರ ಮೆದುಳು ತಂದು ಬೆಂಗಳೂರಿನ ಮಾಲಿನ್ಯ ಅಂತ ಬರೆದ್ರೆ ಅರ್ಥ ಇಲ್ಲ. ಊರೂರು ತಿರುಗಿ ಮೇಯಿಸೋ ಕುರುಬರ ಮಂದೆ ಆದ್ರಂತೂ ಒಂದು ಕುರಿಯ ಮೈಯಲ್ಲಿ ನಾಲ್ಕು ತಾಲೂಕಿನ ಮಣ್ಣಿರತ್ತೆ. ದನಗಳಿಗಾದ್ರೆ ಕಿವೀಲಿ 12 ಅಂಕಿಯ ಓಲೆ ಇರತ್ತೆ, ಅದರಿಂದ ಮಾಲೀಕರ ಊರು ಹಿಡಿಯಬಹುದು, ಆದ್ರೆ ಕರ್ನಾಟಕದಲ್ಲಿ 2020ರ ಕಾಯ್ದೆ ಪ್ರಕಾರ ಹಸು, ಎತ್ತು, ಕರು ಕಡಿಯೋ ಹಾಗಿಲ್ಲ, 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ ಅವಕಾಶ. ಹಾಗಾಗಿ ಇಲ್ಲಿ ಇಂಥ ಅಧ್ಯಯನ ಅಂದ್ರೆ ಕುರಿ, ಮೇಕೆ, ಮುದಿ ಎಮ್ಮೆ, ಇಲ್ಲಾ ತಾವಾಗಿ ಸತ್ತ ಹಸು. ಇವನ್ನ ಒಂದರ ಜೊತೆ ಒಂದು ಹೋಲಿಸೋಕಾಗಲ್ಲ. ಲೋಹ ವಯಸ್ಸಿನ ಜೊತೆ ಏರೋದ್ರಿಂದ 13 ವರ್ಷದ ಎಮ್ಮೆಯ ಮೂತ್ರಪಿಂಡಾನೂ ಎರಡು ಹಲ್ಲಿನ ಎಳೇ ಕುರಿಯದ್ದೂ ಪಕ್ಕ ಪಕ್ಕ ಇಡಬಾರದು. ಕುರಿಯ ವಯಸ್ಸು ಹಲ್ಲಲ್ಲೇ ಲೆಕ್ಕ, ನಾಲ್ಕು ಹಲ್ಲಿನ ಕುರಿಗೆ ನಾಲ್ಕು ಹಲ್ಲಿನದ್ದೇ ಸಾಟಿ, ಮಲಿನ ಊರಿನ ಇಪ್ಪತ್ತು ಮೂವತ್ತು ಕುರಿ ತಗೊಂಡ್ರೆ ಅದೇ ತಳಿಯ, ಅದೇ ವಯಸ್ಸಿನ ಅಷ್ಟೇ ಕುರಿ ಶುದ್ಧ ನೀರಿನ ಊರಿಂದಲೂ ಬೇಕು. ಒಂದೇ ಕುರಿಯ ಒಂದು ನಂಬರ್ ಹಿಡ್ಕೊಂಡು ಊರಿಗೆ ಸರ್ಟಿಫಿಕೇಟ್ ಕೊಡೋಕಾಗಲ್ಲ.

ಒಂದು ಘಟನೆ ಹೇಳ್ತೀನಿ, ಊರು ಬೇಡ. ಒಂದು ಅಜ್ಜಿಯ ಕೊಟ್ಟಿಗೆ, ಎರಡು ಕರು, ಒಂದು ಎಮ್ಮೆ, ಹತ್ತು ದಿನದಲ್ಲಿ ಒಂದಾದ ಮೇಲೊಂದು. ಗೋಡೆಗೆ ತಲೆ ಒತ್ತಿ ನಿಲ್ಲೋದು, ಹಲ್ಲು ಕಡಿಯೋದು, ಕಿವಿ ಪಟಪಟ, ಕಣ್ಣೆದುರು ಕೈ ಆಡಿಸಿದ್ರೂ ರೆಪ್ಪೆ ಮಿಟುಕಿಸಲ್ಲ. ಊರವರು ಹುಚ್ಚುನಾಯಿ ಕಡಿತ ಅಂದ್ರು, ನಾವೂ ಮೊದಲು ಹಾಗೇ ಅಂದ್ಕೊಂಡು ಮೆದುಳಿನ ಒಂದು ಭಾಗ ರೇಬೀಸಿಗೆ ಕಳಿಸಿದ್ವಿ, ನೆಗೆಟಿವ್ ಬಂತು. ಹೊಟ್ಟೆ ಕೊಯ್ದಾಗ ಎರಡನೇ ಚೀಲದ ತಳದಲ್ಲಿ ಬೂದುಬಣ್ಣದ ಭಾರದ ಚೂರುಗಳು, ಹಳೇ ಬ್ಯಾಟರಿ ಪ್ಲೇಟಿನವು. ಹಿತ್ತಲ ಬೇಲಿಯಾಚೆ ಗುಜರಿಯವರೊಬ್ಬರು ಬ್ಯಾಟರಿ ಒಡೆದು ಸೀಸ ಕರಗಿಸ್ತಾ ಇದ್ರು. ಮೂತ್ರಪಿಂಡದ ಸೀಸ 10ರ ಗಡಿ ದಾಟಿ ಎಲ್ಲೋ ಇತ್ತು, ಮೆದುಳಲ್ಲಿ ಅದರ ಒಂದು ಚೂರು. ಆ ಚೂರೇ ಮೆದುಳಿನ ಮೇಲ್ಪದರ ಕೊಳೆಸಿ ಕಣ್ಣು ಕುರುಡು ಮಾಡಿತ್ತು. ನಮಗೆ ಆಮೇಲೆ ಕಾಡಿದ್ದು ಅದೇ ಬೇಲಿ ಪಕ್ಕ ಆಡ್ತಿದ್ದ ಆ ಅಜ್ಜಿಯ ಮೊಮ್ಮಕ್ಕಳು. ಅವರ ರಕ್ತ ಪರೀಕ್ಷೆ ಮಾಡಿಸಿ ಅಂತ ಆಸ್ಪತ್ರೆಗೆ ಬರೆದುಕೊಟ್ವಿ. ಜಾನುವಾರನ್ನ ಯಾಕೆ ಅಳೀಬೇಕು ಅಂತ ಯಾರಾದ್ರೂ ಕೇಳಿದ್ರೆ ನನಗೆ ಆ ಬೇಲಿ ನೆನಪಾಗತ್ತೆ.

ಈಗ ನಿಮ್ಮ ಸತ್ತ ಕುರಿ. ಎರಡು ಮೂರು ವಾರ, ಒಂದೇ ಕಡೆಗೆ ಸುತ್ತು ಅಂದ್ರೆ ನನಗೆ ಲೋಹಕ್ಕಿಂತ ಮೊದಲು ಹೊಳೆಯೋದು ನಾಯಿಯ ಲಾಡಿಹುಳ. ಅದರ ಮೊಟ್ಟೆ ಹುಲ್ಲಿನ ಜೊತೆ ಕುರಿ ಹೊಟ್ಟೆಗೆ ಹೋಗಿ, ಮರಿಹುಳ ಮೆದುಳಲ್ಲಿ ನೀರುಗುಳ್ಳೆ ಆಗಿ ಬೆಳೆಯತ್ತೆ, ಗುಳ್ಳೆ ಯಾವ ಕಡೆ ಇದೆಯೋ ಸಾಮಾನ್ಯವಾಗಿ ಆ ಕಡೆಗೇ ಸುತ್ತತ್ತೆ, ದಿನ ಕಳೆದ ಹಾಗೆ ಆ ಜಾಗದ ಬುರುಡೆ ಮೂಳೆ ಬೆರಳಲ್ಲಿ ಒತ್ತಿದ್ರೆ ಮೆತ್ತಗಾಗಿರತ್ತೆ. ಸೀಸದ ವಿಷ ಇಷ್ಟು ದಿನ ಒಂದೇ ಕಡೆ ಸುತ್ತಿಸೋದು ಅಪರೂಪ. ಸತ್ತ ಕುರಿಯ ತಲೇನ ನಾಯಿಗೆ ಹಾಕಿದ್ರೆ ಆ ಹುಳದ ಚಕ್ರ ಮತ್ತೆ ಶುರು, ಹಾಕ್ಬೇಡಿ, ಆಳವಾಗಿ ಹೂಳಿ, ಮನೆ ನಾಯಿಗೆ ಡಾಕ್ಟರ್ ಹೇಳಿದ ಹುಳದ ಮಾತ್ರೆ ತಪ್ಪದೆ ಕೊಡಿ.

ಆದ್ರೆ ಒಂದು ಮಾತು ದಯವಿಟ್ಟು ಮನಸ್ಸಲ್ಲಿಡಿ. ನಡೆ-ನುಡಿ ಬದಲಾದ ಯಾವ ಪ್ರಾಣಿಯ ಬಾಯಿಗೂ ಕೈ ಹಾಕ್ಬೇಡಿ, ತಲೆ ನೀವೇ ಒಡೀಬೇಡಿ, ನಮ್ಮ ದೇಶದಲ್ಲಿ ಮೊದಲ ಅನುಮಾನ ಯಾವಾಗಲೂ ರೇಬೀಸ್ ಮೇಲೇ ಇರಬೇಕು. ಜೊಲ್ಲು ಗಾಯಕ್ಕೆ ತಾಗಿದ್ರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್ನಿಗೆ ಹೋಗಿ. ಪಶುವೈದ್ಯರನ್ನ ಕರೆಸಿ, ಮೆದುಳು ತೆಗೆಯೋದು ಅವರ ಕೆಲಸ. ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ರೇಬೀಸ್ ಪತ್ತೆ ಲ್ಯಾಬ್ ಇದೆ. ಮೆದುಳಿನ ಒಂದು ಭಾಗ ತಣ್ಣಗೆ ಅಲ್ಲಿಗೆ, ಒಂದು ಭಾಗ ಫಾರ್ಮಲಿನ್‌ನಲ್ಲಿ ಸೂಕ್ಷ್ಮದರ್ಶಕಕ್ಕೆ, ಲೋಹಕ್ಕೆ ಮೂತ್ರಪಿಂಡ ಮತ್ತೆ ಲಿವರ್ ಐಸಲ್ಲಿ, ನಮ್ಮ ರೂಢಿ ಇದು.

ಹುಚ್ಚು ಹಸು ಕಾಯಿಲೆಗೂ ಮೆದುಳಿನ ಲೋಹಕ್ಕೂ ಸಂಬಂಧ ಅಂತ ಎಲ್ಲಾದ್ರೂ ಓದಿದ್ರೆ, ಅದು ಮಾರ್ಕ್ ಪರ್ಡಿ ಅನ್ನೋ ಇಂಗ್ಲೆಂಡಿನ ರೈತರ ವಾದ, ತಾಮ್ರ ಕಮ್ಮಿ ಆಗಿ ಮ್ಯಾಂಗನೀಸ್ ಜಾಸ್ತಿ ಆದ್ರೆ ಬರತ್ತೆ ಅಂತ. ಮಾಂಸ-ಮೂಳೆ ಹಿಟ್ಟು ಮೇವಿಗೆ ಹಾಕಿದ್ದೇ ಕಾಯಿಲೆ ಹರಡೋಕೆ ಕಾರಣ ಅನ್ನೋದೇ ಇವತ್ತು ವಿಜ್ಞಾನ ಒಪ್ಪಿರೋದು. ಭಾರತದಲ್ಲಿ ಆ ಕಾಯಿಲೆ ವರದಿ ಆಗಿಲ್ಲ.

ಇನ್ನು ಮಕ್ಕಳು ತಿನ್ನೋ ತಲೆಮಾಂಸದ ಬಗ್ಗೆ. ಸೀಸ, ಕ್ಯಾಡ್ಮಿಯಂ ಲೆಕ್ಕದಲ್ಲಿ ನೋಡಿದ್ರೆ ಕುರಿಯ ಮೂತ್ರಪಿಂಡ, ಲಿವರಿಗಿಂತ ಮೆದುಳು ಕಮ್ಮಿ ಅಪಾಯದ್ದು, ಕಾವಲು ಇದೆ ಅಂದ್ನಲ್ಲ. ನೀವು ಹುಷಾರಾಗಿರಬೇಕಾದ್ದು ಮೂತ್ರಪಿಂಡದ ಬಗ್ಗೆ, ಆಮೇಲೆ ಲಿವರ್. ಯುರೋಪಿನ ಕಾನೂನು ಕ್ಯಾಡ್ಮಿಯಂಗೆ ಮಾಂಸದಲ್ಲಿ ಕಿಲೋಗೆ 0.05 ಮಿಲಿಗ್ರಾಂ, ಲಿವರಲ್ಲಿ 0.5, ಮೂತ್ರಪಿಂಡದಲ್ಲಿ 1 ಅಂತ ಮಿತಿ ಇಟ್ಟಿರೋದು ನೋಡಿದ್ರೇ ಲೋಹ ಎಲ್ಲಿ ಸೇರತ್ತೆ ಅಂತ ಅರ್ಥ ಆಗತ್ತೆ. ಕೊಳಚೆ ಹುಲ್ಲು ಮೇಯ್ದು ಬಾಯಿಗೂಡಿದ, ಅಂದ್ರೆ ಹಲ್ಲು ಪೂರ್ತಿ ಬಂದು ವಯಸ್ಸಾದ ಕುರಿಯ ಕಿಡ್ನಿ ಮಕ್ಕಳಿಗೆ ಕೊಡ್ಬೇಡಿ, ಎಳೇ ಕುರಿಯ ಮೆದುಳು ಯಾವಾಗಲೋ ಒಂದು ದಿನ ಚೆನ್ನಾಗಿ ಬೇಯಿಸಿ ತಿಂದ್ರೆ ಲೋಹದ ಲೆಕ್ಕದಲ್ಲಿ ಭಯ ಪಡೋ ಅಂಥದ್ದು ಏನಿಲ್ಲ. ತಾನಾಗಿ ಸತ್ತ ಕುರಿಯದ್ದು ಮಾತ್ರ ಯಾವತ್ತೂ ಬೇಡ.

ನೀವು ಈಗ ಮಾಡಬೇಕಾದ್ದು. ಹಸುಗಳ ರಕ್ತ ಪಶುವೈದ್ಯರ ಹತ್ರ ತೆಗೆಸಿ ಸೀಸಕ್ಕೆ ಕೊಡಿ. ಹಾಲು, ಹುಲ್ಲು, ಆ ಹುಲ್ಲಿನ ಬುಡದ ಮಣ್ಣು ಮೂರನ್ನೂ ಸೀಸ, ಕ್ಯಾಡ್ಮಿಯಂ, ತಾಮ್ರ, ಸತು, ಮಾಲಿಬ್ಡಿನಂಗೆ ನೋಡಿಸಿ. ಒಬ್ಬರೇ ಮಾಡಿಸಿದ್ರೆ ಖರ್ಚು ಜಾಸ್ತಿ, ಡೈರಿಯವರು ನಾಲ್ಕೈದು ಮನೆ ಸೇರಿ ಮಾಡಿಸಿ, ಬೋರ್‌ವೆಲ್ ನೀರಲ್ಲಿ ಹುಲ್ಲು ಬೆಳೆಯೋ ಒಂದು ಮನೆಯದ್ದೂ ಅದರಲ್ಲಿ ಸೇರಿಸಿ, ಅದಿಲ್ದೆ ಹೋಲಿಕೆ ಬರಲ್ಲ. ಹುಲ್ಲನ್ನ ನೆಲಕ್ಕೆ ತಾಗಿಸಿ ಕೊಯ್ಬೇಡಿ, ನಾಲ್ಕು ಬೆರಳು ಬಿಟ್ಟು ಕೊಯ್ದು ಕೆಸರು ಕೊಡವಿ ಹಾಕಿ, ಮಣ್ಣಿನ ಸೀಸ ಅಷ್ಟರಮಟ್ಟಿಗೆ ತಪ್ಪತ್ತೆ. ಕರುಗಳಿಗೂ ಗಬ್ಬದ ಹಸುಗೂ ಆದಷ್ಟು ಬೋರ್‌ವೆಲ್ ನೀರು ಕೊಡಿ. ಹಸುಗಳಿಗೆ ಖನಿಜ ಮಿಶ್ರಣ ಕೊಡಿ, ಆದ್ರೆ ಹಸುವಿನ ಮಿಶ್ರಣಾನ ಕುರಿಗೆ ಹಾಕ್ಬೇಡಿ, ಅದರಲ್ಲಿ ತಾಮ್ರ ಜಾಸ್ತಿ, ಹಸು ತಡ್ಕೊಳ್ಳೋ ತಾಮ್ರ ಕುರಿ ತಡ್ಕೊಳ್ಳಲ್ಲ, ಲಿವರಲ್ಲಿ ಸೇರಿ ಸೇರಿ ಒಂದು ದಿನ ಮೂತ್ರ ಕೆಂಪಾಗಿ ಸತ್ತೇಹೋಗತ್ತೆ. ಕುರಿಗೆ ಅಂತಲೇ ಬೇರೆ ಸಿಗತ್ತೆ.

ಹಬ್ಬಕ್ಕೋ ಹರಕೆಗೋ ಮನೇಲಿ ಕುರಿ ಕಡಿದಾಗ, ನಿಮ್ಮಲ್ಲೇ ಹುಟ್ಟಿ ಬೆಳೆದದ್ದಾದ್ರೆ, ಒಂದು ಮೂತ್ರಪಿಂಡ ಮತ್ತೆ ಲಿವರಿನ ಒಂದು ತುಂಡು ಹೊಸ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಕುರಿಯ ವಯಸ್ಸು, ಎಷ್ಟು ಹಲ್ಲು, ಏನು ಮೇಯ್ತಿತ್ತು ಅಂತ ಚೀಟಿ ಬರೆದು ಫ್ರೀಜರಲ್ಲಿಡಿ. ಅದರ ವರದಿ ಬಂದಾಗ ನಂಬರಿನ ಪಕ್ಕ ಒದ್ದೆ ತೂಕವೋ ಒಣ ತೂಕವೋ ಅಂತ ಬರೆದಿಲ್ಲ ಅಂದ್ರೆ ಲ್ಯಾಬಿಗೆ ಫೋನ್ ಮಾಡಿ ಕೇಳಿ, ಆಮೇಲೆ ನನಗೆ ಕಳಿಸಿ, ಕೂತು ನೋಡಿ ಹೇಳ್ತೀನಿ.